ನೇರಳೆ ಕಲ್ಲು ಕುಡಿತ ಬಿಡಿಸುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ತಂಗಿ ಒಂದು ಬೆಳ್ಳಿ ಉಂಗುರ ತಂದು ತೋರಿಸಿದಳು. ನಡುವೆ ನೇರಳೆ ಬಣ್ಣದ ಅಮೆಥಿಸ್ಟ್ ಕಲ್ಲು. ಇದನ್ನು ತೊಟ್ಟರೆ ಎಂಥ ಕುಡುಕನೂ ಕುಡಿತ ಬಿಡುತ್ತಾನೆ ಎಂದು ಅಂಗಡಿಯವರು ಹೇಳಿದ್ದರಂತೆ. ಆರು ಸಾವಿರ ರೂಪಾಯಿ ಕೊಟ್ಟಿದ್ದಳು. ಸೀರೆ ನೇಯ್ದು ಕೂಡಿಟ್ಟ ದುಡ್ಡು. ಶುಕ್ರವಾರ ರಾತ್ರಿ ಉಂಗುರವನ್ನು ಹಾಲಿನಲ್ಲಿ ನೆನೆಹಾಕಿ, ಶನಿವಾರ ಬೆಳಗ್ಗೆ ಗಂಡನ ಬೆರಳಿಗೆ ತೊಡಿಸಿದಳು. ಅವತ್ತು ಸಂಜೆಯೂ ಅವನು ಕುಡಿದೇ ಬಂದ.

"ಅಣ್ಣಾ, ಕಲ್ಲು ಖೊಟ್ಟಿ ಐತೇನು?" ಎಂದು ಕೇಳಿದಳು. ಕಲ್ಲು ಅಸಲಿಯೇ ಇರಬಹುದವ್ವಾ, ಅವರ ಮಾತು ಖೊಟ್ಟಿ ಎಂದೆ.

ಈ ನಂಬಿಕೆ ನಮ್ಮ ಕಡೆ ಹುಟ್ಟಿದ್ದಲ್ಲ. ಅಮೆಥಿಸ್ಟ್ ಎಂಬ ಹೆಸರೇ ಗ್ರೀಕರದ್ದು. ಅಮಲೇರದ್ದು ಎಂದು ಅದರ ಅರ್ಥ. ಈ ಕಲ್ಲು ಮೈಮೇಲಿದ್ದರೆ ದ್ರಾಕ್ಷಾರಸ ತಲೆಗೇರುವುದಿಲ್ಲ ಎಂದು ಅವರು ನಂಬಿದ್ದರು. ಸುಮಾರು 2,000 ವರ್ಷಗಳ ಹಿಂದೆಯೇ ರೋಮಿನ ಬರಹಗಾರ ಪ್ಲಿನಿ ಇದು ಮಂತ್ರವಾದಿಗಳ ಸುಳ್ಳು ಎಂದು ಬರೆದಿಟ್ಟ. ಮದ್ಯದ ದೇವರಿಗೆ ಹೆದರಿ ಹುಡುಗಿಯೊಬ್ಬಳು ಕಲ್ಲಾದಳು, ಅವನು ಮೇಲೆ ದ್ರಾಕ್ಷಾರಸ ಸುರಿದಾಗ ಕಲ್ಲು ನೇರಳೆಯಾಯಿತು ಎಂಬ ಕಥೆ ಮೊಬೈಲಿನಲ್ಲಿ ಗ್ರೀಕ್ ಪುರಾಣ ಅಂತ ಓಡಾಡುತ್ತಿದೆ. ಅದು 16ನೇ ಶತಮಾನದ ಫ್ರೆಂಚ್ ಕವಿಯೊಬ್ಬ ಕಟ್ಟಿದ್ದು.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಅಮೆಥಿಸ್ಟ್ ಇದೆ. 1857ರಲ್ಲಿ ಕಾನ್ಪುರದ ಇಂದ್ರನ ಗುಡಿಯಿಂದ ದೋಚಿದ್ದು, ಇಟ್ಟುಕೊಂಡವರ ಮನೆ ಹಾಳಾಗುತ್ತದೆ ಎಂದು ಅದರ ಕಥೆ. ಒಂದೇ ಜಾತಿಯ ಕಲ್ಲು ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಶಾಪ! ನಮ್ಮ ನವರತ್ನಗಳಲ್ಲಿ ಇದು ಸೇರಿಯೇ ಇಲ್ಲ. ನೀಲಮಣಿ ಕೊಳ್ಳಲಾಗದವರಿಗೆ ಶನಿಯ ಉಪರತ್ನ ಅಂತ ಕೊಡುತ್ತಾರೆ, ಅಷ್ಟೇ.

ಕಲ್ಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಅಂಚಿನಲ್ಲಿ ಮಾಗಿದ ನೇರಳೆ ಹಣ್ಣಿನ ಬಣ್ಣ, ಇನ್ನೊಂದು ಅಂಚಿಗೆ ಬರುತ್ತ ತೆಳುವಾಗಿ ನೀರಿನ ಹಾಗೆ. ಇದು ಸ್ಫಟಿಕ. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಮಿನುಗುವ ಗಾಜಿನಂಥ ಕಣಗಳದ್ದೂ ಇದೇ ಜಾತಿ. ಒಳಗೆ ಸೇರಿದ ಚೂರು ಕಬ್ಬಿಣಕ್ಕೆ ಭೂಮಿಯೊಳಗಿನ ವಿಕಿರಣ ತಾಗಿ ಈ ಬಣ್ಣ ಬಂದಿರುತ್ತದೆ. ಜೋರಾಗಿ ಕಾಯಿಸಿದರೆ ಹಳದಿಗೆ ತಿರುಗುತ್ತದೆ. ಹಾಗೆ ಕಾಯಿಸಿದ್ದನ್ನೇ ಸಿಟ್ರಿನ್ ಎಂಬ ಹಳದಿ ಹರಳು ಅಂತ ಮಾರುವುದೂ ಉಂಟು. ಚೆಂದದ ಕಲ್ಲು ಅಂತ ಹೇಳಿಯೇ ಮಾರಬಹುದಲ್ವಾ?

ಕುಡಿತ ಬಿಡಿಸುವ ಕೆಲಸವನ್ನು ನಮ್ಮೂರು ಕಣ್ಣಾರೆ ಕಂಡಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆ ಬಾಗಿಲಿಗೆ ಬಂದು, ನಿಮ್ಮ ದುಶ್ಚಟ ಇದರಲ್ಲಿ ಹಾಕಿ ಎಂದು ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ಅಂಥ ಊರಿನ ಹೆಣ್ಣುಮಕ್ಕಳಿಗೆ ಉಂಗುರ ತೋರಿಸಿ ಆಸೆ ಹುಟ್ಟಿಸುವುದು ನನಗೆ ತೀರಾ ನೋವಿನ ಸಂಗತಿ.

ಹರಳು ಮಾರುವವರು ದಯವಿಟ್ಟು ಈ ಮಾತು ನಿಲ್ಲಿಸಲಿ. ಕಲ್ಲು ನೆಲದಿಂದ ತೆಗೆದದ್ದೋ, ಕಾರ್ಖಾನೆಯಲ್ಲಿ ಬೆಳೆಸಿದ್ದೋ ಎಂದು ಬಿಲ್ಲಿನಲ್ಲಿ ಬರೆದುಕೊಡಲಿ. ಪತ್ರಿಕೆಯವರೂ ಇಂಥ ಜಾಹೀರಾತು ಬಂದರೆ ಹಿಂದಕ್ಕೆ ಕಳಿಸಿ.

ಸೋಮವಾರ ತಂಗಿಯ ಗಂಡನನ್ನು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬರುತ್ತೇನೆ ಎಂದು ಅವನೇ ಒಪ್ಪಿದ್ದಾನೆ. ಉಂಗುರವನ್ನು ಈಗ ತಂಗಿಯೇ ಹಾಕಿಕೊಂಡಿದ್ದಾಳೆ. ಅವಳ ಕೈಗೆ ಚೆನ್ನಾಗಿ ಒಪ್ಪುತ್ತದೆ.

ಇಂತಿ ನಿಮ್ಮ ಓದುಗ,
ಇಳಕಲ್, ಬಾಗಲಕೋಟೆ ಜಿಲ್ಲೆ