ಸ್ಪೋರ್ಟ್ಸ್ ಕಾರಿನ ಟೆಸ್ಟ್ ಡ್ರೈವ್ ನಮ್ಮೂರ ರಸ್ತೆಯಲ್ಲೇ ಆಗಲಿ

ಮಾನ್ಯರೇ,

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳ ಹೋಲಿಕೆ ಬಂದಿತ್ತು. ನೂರು ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡು, ಎಷ್ಟು ಅಶ್ವಶಕ್ತಿ, ಬೆಲೆ ಎಷ್ಟು, ಎಲ್ಲ ಪಟ್ಟಿ ಮಾಡಿ ಕೊಟ್ಟಿದ್ದಿರಿ. ಓದಲು ಚೆನ್ನಾಗಿತ್ತು. ಆದರೆ ನಮ್ಮ ಕಡೆ ಇಂಥ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಬೇರೆ. ಈ ಕಾರು ನಮ್ಮ ಓಣಿಯ ಹಂಪ್ ದಾಟುತ್ತದಾ? ರಾತ್ರಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಮುಂದಿನದು ಕಾಣುತ್ತದಾ? ಬೆಳಗಾವಿಯ ಜುಲೈ ಮಳೆ ಒಳಗೆ ಬರುತ್ತದಾ? ಇದಕ್ಕೆ ಉತ್ತರ ಆ ಪಟ್ಟಿಯಲ್ಲಿ ಸಿಗಲಿಲ್ಲ. ಈಚೆಗೆ ಇಂಥ ಎರಡು ಕಾರುಗಳನ್ನು ಇಲ್ಲಿಯ ರಸ್ತೆಗಳಲ್ಲೇ ಓಡಿಸಿ, ಹೋಲಿಸಿ, ಒಂದನ್ನು ಕೊಂಡವಳು ನಾನು. ಅದಕ್ಕೇ ಈ ಪತ್ರ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಫೌಂಡ್ರಿಯಿಂದ ಬರುವ ಎರಕದ ಭಾಗಗಳಿಗೆ ಬೋರಿಂಗ್, ಮಿಲ್ಲಿಂಗ್ ಮಾಡಿಕೊಡುತ್ತೇವೆ. ತಂದೆಯವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಮಕ್ಕಳು ಕೆಲಸ ಹಿಡಿದು ಹೊರಗೆ ಹೋಗಿದ್ದಾರೆ. ಮನೆಯಲ್ಲಿ ಉಳಿದವರು ಇಬ್ಬರೇ, ಎರಡು ಸೀಟು ಸಾಕು. ಆಸೆ ಮಾತ್ರ ಹಳೆಯದು. ಮದುವೆಯಾದ ಹೊಸದರಲ್ಲಿ ಪಣಜಿಗೆ ಹೋದಾಗ ಸ್ಯಾನ್ ಸ್ಟಾರ್ಮ್ ಅನ್ನುವ ಪುಟ್ಟ ಕಾರು ನೋಡಿದ್ದೆ. ಗೋವಾದಲ್ಲೇ ತಯಾರಾಗುತ್ತಿದ್ದ ಎರಡು ಸೀಟಿನ ಕಾರು ಅದು. ಫೈಬರ್ ಮೈ, ರೆನೋ ಎಂಜಿನ್. ನಮ್ಮ ಪಕ್ಕದ ಊರಲ್ಲೇ ಇಂಥದ್ದು ಮಾಡುತ್ತಾರಲ್ಲ ಅಂತ ಎಷ್ಟು ಖುಷಿಯಾಗಿತ್ತು! ಅದು ಹೆಚ್ಚು ಮಾರಾಟವಾಗಲಿಲ್ಲ. ಇತ್ತ 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಾರು 2016ರ ಹೊತ್ತಿಗೆ 10 ಲಕ್ಷ ತಯಾರಾಗಿತ್ತು. ಸಾಮಾನ್ಯ ಸಂಬಳದವರೂ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಅಂತ ಹೆಸರು ಮಾಡಿದ್ದು ಅದು. ನಮ್ಮ ದೇಶದಲ್ಲಿ ಅದನ್ನು ಮಾರಲೇ ಇಲ್ಲ. 2025ರಲ್ಲಿ ಬಂದ ವಿದ್ಯುತ್ ಕಾರು ಎಂಜಿ ಸೈಬರ್‌ಸ್ಟರ್ ಬೆಲೆ ಆಗಲೇ 70 ಲಕ್ಷ ದಾಟಿತ್ತು. ಹಾಗಾಗಿ ನನ್ನಂಥವರಿಗೆ ಉಳಿಯುವುದು ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರುಗಳು.

ಕೊನೆಗೆ ಎರಡು ಕಾರು ಉಳಿದವು. ಒಂದು ಬಿಎಂಡಬ್ಲ್ಯೂ ಝಡ್4, ಮಡಚುವ ಲೋಹದ ಚಾವಣಿಯ ಹಳೆ ಮಾದರಿ. ಮುಂದೆ 3 ಲೀಟರ್‌ನ ಆರು ಸಿಲಿಂಡರ್ ಟರ್ಬೊ (ಒಳಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ) ಎಂಜಿನ್, 306 ಅಶ್ವಶಕ್ತಿ. ಇನ್ನೊಂದು ಪೋರ್ಷೆ ಬಾಕ್ಸ್‌ಸ್ಟರ್, 2012ರಿಂದ 2016ರವರೆಗೆ ಬಂದ ಮಾದರಿ. ಇದರ 2.7 ಲೀಟರ್ ಎಂಜಿನ್‌ಗೆ ಟರ್ಬೊ ಇಲ್ಲ, 265 ಅಶ್ವಶಕ್ತಿ. ಎಂಜಿನ್ ಸೀಟಿನ ಹಿಂದೆ, ಹಿಂದಿನ ಆ್ಯಕ್ಸಲ್‌ಗಿಂತ ಮುಂದೆ ಕೂತಿರುತ್ತದೆ. ಮೊದಲನೆಯದು ಹುಬ್ಬಳ್ಳಿಯ ಒಬ್ಬರದ್ದು. ಎರಡನೆಯದು ಪುಣೆಯ ಮಾರಾಟಗಾರರ ಬಳಿ ಇತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಬೇರೆ ಬೇರೆ ಊರುಗಳಲ್ಲಿ ಶೋರೂಮಿಗೆ ಹೋದಾಗಲೆಲ್ಲ ಅವರು ಕೊಟ್ಟ ಟೆಸ್ಟ್ ಡ್ರೈವ್ ಅಂದರೆ ಹೊಸ ಡಾಂಬರಿನ ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು. ಪಕ್ಕದಲ್ಲಿ ಹುಡುಗ ಕೂತು ಸ್ಪೋರ್ಟ್ ಮೋಡ್ ಒತ್ತಿ ‘ಸೌಂಡ್ ಕೇಳಿ ಮೇಡಂ’ ಅನ್ನುತ್ತಾನೆ. ಸ್ಟೀರಿಂಗ್ ಕೈಗೆ ಹೊಂದಿಕೊಳ್ಳುವಷ್ಟರಲ್ಲಿ ವಾಪಸ್ ಬಂದಾಗಿರುತ್ತದೆ. ಇನ್ನೂ ಬೇಸರದ್ದೆಂದರೆ ಕೀಲಿಯನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನೇರವಾಗಿ ನಮ್ಮ ಮನೆಯವರ ಕೈಗೆ. ಅವರಿಗೆ ಕಾರು ಓಡಿಸುವ ಆಸಕ್ತಿಯೇ ಇಲ್ಲ! ‘ಓಡಿಸೋರು ಅವರು, ಅವರಿಗೆ ಕೊಡಿ’ ಅಂತ ಅವರೇ ಹೇಳಬೇಕಾಗುತ್ತಿತ್ತು. ದುಡ್ಡು ಕೊಡುವ, ಓಡಿಸುವ ಹೆಂಗಸು ಎದುರಿಗೇ ನಿಂತಿರುವಾಗ ಹೀಗೆ ಮಾಡುವುದು ಸರಿಯಲ್ಲ.

ಹಾಗಾಗಿ ಕಾರು ಮಾರುವ ಇಬ್ಬರಿಗೂ ಒಂದೇ ಷರತ್ತು ಹಾಕಿದೆ. ಕಾರು ಬೆಳಗಾವಿಗೆ ಬರಬೇಕು, ಎರಡೂ ಒಂದೇ ದಿನ ಬರಬೇಕು, ಒಂದೇ ದಾರಿಯಲ್ಲಿ ಓಡಬೇಕು. ಪೆಟ್ರೋಲ್ ಖರ್ಚು ನನ್ನದು. ವಿಮೆ ಚಾಲ್ತಿಯಲ್ಲಿದೆಯಾ ಅಂತ ಮೊದಲೇ ನೋಡಿಕೊಂಡೆ. ಎಂಜಿನ್ ಬಿಸಿ ಮಾಡಿ ಇಡಬೇಡಿ ಅಂತಲೂ ಹೇಳಿದ್ದೆ. ರಾತ್ರಿಯೆಲ್ಲ ನಿಂತ ಎಂಜಿನ್ ಬೆಳಿಗ್ಗೆ ಹೇಗೆ ಶುರುವಾಗುತ್ತದೆ, ಆಗ ಏನು ಸದ್ದು, ಸೈಲೆನ್ಸರಿನಿಂದ ಯಾವ ಬಣ್ಣದ ಹೊಗೆ, ಇದೆಲ್ಲ ಬಿಸಿ ಎಂಜಿನ್‌ನಲ್ಲಿ ಮುಚ್ಚಿಹೋಗುತ್ತದೆ.

ಮೊದಲ ಪರೀಕ್ಷೆ ನಮ್ಮ ಶಾಪಿನ ಹತ್ತಿರದ ಹಂಪ್. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ನಿಯಮದಲ್ಲಿ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು ಅಂತಿತ್ತು. 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವ ಲೆಕ್ಕ ಅದು. ನಾನು ಟೇಪ್ ಹಿಡಿದು ಅಳೆದೆ. ಎತ್ತರ ಹತ್ತಕ್ಕಿಂತ ಜಾಸ್ತಿ. ಅಗಲ ಒಂದೂವರೆ ಮೀಟರ್ ಕೂಡ ಇಲ್ಲ. ಬಿಳಿ ಪಟ್ಟಿ ಇಲ್ಲ, ಫಲಕವೂ ಇಲ್ಲ. ಹಂಪ್ ಅಗಲವಾಗಿದ್ದರೆ ಚಕ್ರಗಳು ನಿಧಾನಕ್ಕೆ ಏರುತ್ತವೆ, ಜೊತೆಗೆ ಕಾರಿನ ಹೊಟ್ಟೆಯೂ ಏರುತ್ತದೆ. ಕಿರಿದಾಗಿದ್ದರೆ ಮುಂದಿನ ಚಕ್ರ ಆಗಲೇ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ಹಂಪಿನ ತುದಿ ನೇರ ಹೊಟ್ಟೆಗೆ ಬರುತ್ತದೆ. ಇಬ್ಬರು ಕೂತು, ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸುತ್ತ ದಾಟಿಸಿದೆ. ಝಡ್4 ಕೆಳಗೆ ಸಣ್ಣಗೆ ಕೆರೆಯಿತು. ಬಾಕ್ಸ್‌ಸ್ಟರ್ ಕೂದಲೆಳೆಯಲ್ಲಿ ಪಾರಾಯಿತು. ನಮ್ಮ ಶಾಪಿನ ಹುಡುಗ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ನೋಡುತ್ತಿದ್ದ, ‘ಅಕ್ಕಾರ, ಒಂದು ಬೆರಳು ಜಾಗ ಐತ್ರಿ’ ಅಂದ. ಯಾವ ಪುಸ್ತಕದ ಅಂಕಿಗಿಂತಲೂ ನನಗೆ ಬೇಕಾಗಿದ್ದದ್ದು ಆ ಒಂದು ಬೆರಳು.

ಆಮೇಲೆ ಜಾಂಬೋಟಿ ದಾರಿ. ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೊರಟರೆ ಕಾಡಿನ ನಡುವೆ ತಿರುವಿನ ಮೇಲೆ ತಿರುವು. ಎರಡೂ ಕಾರುಗಳ ಸ್ವಭಾವ ಬಿಚ್ಚಿಕೊಂಡಿದ್ದು ಅಲ್ಲಿ. ಝಡ್4ನಲ್ಲಿ ಬಾನೆಟ್ ಉದ್ದ, ನಾವು ಕೂರುವುದು ಬಹಳ ಹಿಂದೆ, ಹಿಂದಿನ ಚಕ್ರದ ಹತ್ತಿರ. ಆಕ್ಸಲರೇಟರ್ ಸ್ವಲ್ಪ ಒತ್ತಿದರೆ ಸಾಕು, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಟರ್ಬೊ ಬಲ ಬರುತ್ತದೆ. ಲಾರಿ ಓವರ್‌ಟೇಕ್ ಮಾಡುವುದು ಬಲು ಸುಲಭ. ಆದರೆ ತಿರುವಿನಲ್ಲಿ ಮೂಗು ಮೊದಲು ತಿರುಗುತ್ತದೆ, ನಾವು ಆಮೇಲೆ ತಿರುಗುತ್ತೇವೆ. ಬಾಕ್ಸ್‌ಸ್ಟರ್‌ನಲ್ಲಿ ಭಾರದ ಎಂಜಿನ್ ಕಾರಿನ ನಡುಮಧ್ಯಕ್ಕೆ ಹತ್ತಿರ ಇದೆ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದು ತಿರುಗುವುದಕ್ಕೂ ಸೊಂಟದ ಮೇಲೆ ಇಟ್ಟುಕೊಂಡು ತಿರುಗುವುದಕ್ಕೂ ಇರುವ ವ್ಯತ್ಯಾಸವೇ ಇದು. ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೇ ಇಡೀ ಕಾರು ಒಟ್ಟಿಗೆ ತಿರುಗಿತು. ವೇಗವಾಗಿ ಹೋಗಬೇಕೆಂದೇನಿಲ್ಲ. 50 ಕಿ.ಮೀ. ವೇಗದಲ್ಲೇ ಇದು ಕೈಗೆ ಗೊತ್ತಾಗುತ್ತದೆ. 306 ದೊಡ್ಡದೋ 265 ದೊಡ್ಡದೋ ಅನ್ನುವ ಪ್ರಶ್ನೆ ನನ್ನ ಮಟ್ಟಿಗೆ ಆ ತಿರುವುಗಳಲ್ಲೇ ಮುಗಿಯಿತು.

ಹಾಗಂತ ಝಡ್4 ಕಡಿಮೆ ಅಂತಲ್ಲ. ಲೋಹದ ಚಾವಣಿ ಮುಚ್ಚಿದರೆ ಒಳಗೆ ನಿಶ್ಶಬ್ದ. ಹೆದ್ದಾರಿಯಲ್ಲಿ ವಂಟಮುರಿ ಘಾಟ್ ಏರುವಾಗ ಲಾರಿಗಳ ಪಕ್ಕದಲ್ಲೂ ಮೆಲ್ಲಗೆ ಮಾತಾಡಬಹುದು. ಅದರ ಟೈರ್‌ಗಳು ರನ್‌ಫ್ಲಾಟ್. ಗಾಳಿ ಹೋದರೂ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ಉದ್ಯಮಬಾಗದ ರಸ್ತೆಗಳಲ್ಲಿ ಲೇಥಿನ ಚೂರು ಬಿದ್ದಿರುತ್ತದೆ, ಪಂಕ್ಚರ್ ನಮಗೆ ಮಾಮೂಲು. ಈ ವಿಷಯದಲ್ಲಿ ಝಡ್4 ಗೆದ್ದಿತು. ಚಾವಣಿ ಮಡಚಿದಾಗ ಮಾತ್ರ ಡಿಕ್ಕಿಯ ಜಾಗ 310 ಲೀಟರಿನಿಂದ 180ಕ್ಕೆ ಇಳಿಯುತ್ತದೆ. ಬಾಕ್ಸ್‌ಸ್ಟರ್‌ನಲ್ಲಿ ಮುಂದೊಂದು ಡಿಕ್ಕಿ, ಹಿಂದೊಂದು ಡಿಕ್ಕಿ. ಚಾವಣಿ ತೆರೆದರೂ ಮುಚ್ಚಿದರೂ ಜಾಗ ಅಷ್ಟೇ. ಆದರೆ ಎಂಜಿನ್ ಕಣ್ಣಿಗೆ ಕಾಣುವುದೇ ಇಲ್ಲ. ಆಯಿಲ್ ಮತ್ತು ಕೂಲೆಂಟ್ ಹಾಕುವ ಮುಚ್ಚಳಗಳು ಹಿಂದಿನ ಡಿಕ್ಕಿಯಲ್ಲಿವೆ, ಅಷ್ಟೇ. ಯಂತ್ರ ಬಿಚ್ಚಿ ನೋಡಿ ಅಭ್ಯಾಸವಿರುವ ನನಗೆ ಇದು ಈಗಲೂ ಕಸಿವಿಸಿ.

ಬಾಕ್ಸ್‌ಸ್ಟರ್‌ನದು ಬಟ್ಟೆ ಚಾವಣಿ. ಅದರ ಪರೀಕ್ಷೆಗೆ ಮಳೆ ಬೇಕಿತ್ತು, ಆವತ್ತು ಮಳೆ ಇರಲಿಲ್ಲ. ಶಾಪಿನ ನೀರಿನ ಪೈಪ್ ಹಿಡಿದು ಚೆನ್ನಾಗಿ ನೆನೆಸಿದೆವು. ಆಮೇಲೆ ಸೀಟಿನ ಹಿಂದೆ, ಕಾರ್ಪೆಟ್ ಕೆಳಗೆ ಕೈ ಹಾಕಿ ನೋಡಿದೆ. ಒಣಗಿತ್ತು. ಚಾವಣಿಯ ನೀರು ಹೊರಹೋಗುವ ಸಣ್ಣ ನಳಿಗೆಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಮರದ ಕೆಳಗೆ ಕಾರು ನಿಲ್ಲಿಸುವ ಕ್ಯಾಂಪ್, ಟಿಳಕವಾಡಿ ಬಡಾವಣೆಯವರು ಇದನ್ನು ಮರೆಯಬಾರದು. ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2317 ಅಂತಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಇಂಥ ಕಾರುಗಳು ಓಡುವುದು ಕಡಿಮೆ, ಆದ್ದರಿಂದ ಟೈರಿನ ಗೆರೆ ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ.

ಇನ್ನು ಹತ್ತಿ ಇಳಿಯುವುದು. ಇದನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಸೀರೆ ಉಟ್ಟು ಎರಡೂ ಕಾರು ಹತ್ತಿ ನೋಡಿದೆ. ಮೊದಲು ಸೀಟಿನ ಮೇಲೆ ಕೂರಬೇಕು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತರಬೇಕು. ಐವತ್ತು ದಾಟಿದ ಮೊಣಕಾಲಿಗೆ ಇದು ದಿನಾ ಆಗುತ್ತದಾ ಅಂತ ಕೊಳ್ಳುವ ಮೊದಲೇ ಗೊತ್ತಿರಬೇಕಲ್ವಾ?

ಕತ್ತಲಾಗುವವರೆಗೂ ಕಾರು ಬಿಡಲಿಲ್ಲ. ಅದಕ್ಕೆ ಕಾರಣ ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ತಲೆ ಮೇಲೆ ಹೇರಿದ ಕಬ್ಬು, ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಧೂಳು ತಿಂದಿರುತ್ತದೆ. ಬೇರೆ ಕಾರಿನಲ್ಲಿ ಸ್ವಲ್ಪವಾದರೂ ಮೇಲಿನಿಂದ ಕಾಣುತ್ತದೆ. ಇಂಥ ಕಾರಿನಲ್ಲಿ ನಮ್ಮ ಕಣ್ಣು ಇರುವುದು ಟ್ರೇಲರಿನ ಚಕ್ರದ ಎತ್ತರಕ್ಕೆ. ಎಷ್ಟು ಅಂತರ ಬಿಟ್ಟರೆ ಎದುರಿನ ವಾಹನ ಕಾಣುತ್ತದೆ, ಹೆಡ್‌ಲೈಟ್ ಬೆಳಕು ಎಲ್ಲಿಯವರೆಗೆ ಬೀಳುತ್ತದೆ, ಕತ್ತಲಲ್ಲಿ ನೋಡಿದರೇ ಗೊತ್ತಾಗುವುದು. ಸಕ್ಕರೆ ಕಾರ್ಖಾನೆಗಳು ಗೇಟಿಗೆ ಬರುವ ಪ್ರತಿ ಟ್ರೇಲರಿಗೂ ರಿಫ್ಲೆಕ್ಟರ್ ಪಟ್ಟಿ ಹಚ್ಚಿಸಿದರೆ ಬೈಕಿನವರ ಜೀವವೂ ಉಳಿಯುತ್ತದೆ. ಇದು ಸ್ಪೋರ್ಟ್ಸ್ ಕಾರಿನವರ ಮಾತಷ್ಟೇ ಅಲ್ಲ.

ನಾನು ಬಾಕ್ಸ್‌ಸ್ಟರ್ ತೆಗೆದುಕೊಂಡೆ. ಅದು ಎಂಎಚ್, ಅಂದರೆ ಮಹಾರಾಷ್ಟ್ರದ ನಂಬರಿನ ಕಾರು. ಗಡಿ ಊರಿನಲ್ಲಿ ‘ಎಂಎಚ್ ಇದ್ದರೆ ಏನಾಯ್ತು, ಸುಮ್ನೆ ಓಡಿಸಿ’ ಅನ್ನುವವರು ಬಹಳ. ಹಾಗೆ ಮಾಡಬೇಡಿ. ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇದ್ದರೆ ಇಲ್ಲಿಯ ನೋಂದಣಿ ಆಗಲೇಬೇಕು. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು. ದುಬಾರಿ ಕಾರಿಗೆ ತೆರಿಗೆಯ ದರವೂ ಜಾಸ್ತಿ. ಕಾರಿನ ವಯಸ್ಸಿಗೆ ತಕ್ಕಂತೆ ಇಳಿಸಿದರೂ ಮೊತ್ತ ದೊಡ್ಡದೇ. ಅದನ್ನು ಸೇರಿಸಿಕೊಂಡೇ ಚೌಕಾಸಿಗೆ ಕೂರಬೇಕು.

ನಿಮ್ಮ ಪುಟದವರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಎರಡು ಕಾರು ಹೋಲಿಸುವಾಗ ಎರಡನ್ನೂ ಒಂದೇ ದಿನ, ಒಂದೇ ದಾರಿಯಲ್ಲಿ, ಇಬ್ಬರು ಕೂತು, ಸಾಮಾನು ಇಟ್ಟು, ಕತ್ತಲಲ್ಲೂ ಓಡಿಸಿ ಬರೆಯಿರಿ. ಹಂಪ್ ದಾಟಿತೋ ಇಲ್ಲವೋ ಅಂತ ಒಂದು ಸಾಲು ಕಡ್ಡಾಯವಾಗಿ ಇರಲಿ. ಪಾಲಿಕೆಯವರು, ಲೋಕೋಪಯೋಗಿ ಇಲಾಖೆಯವರು ಈ ಪತ್ರ ಓದಿದರೆ ಹಂಪ್‌ಗಳನ್ನು ನಿಯಮದಂತೆ ಸರಿಮಾಡಿ ಬಿಳಿ ಪಟ್ಟಿಯನ್ನಾದರೂ ಬಳಿಸಲಿ. ವಾಹನ ಪುಟದವರು ಬೆಳಗಾವಿಗೆ ಬರುವುದಾದರೆ ನಾನು ಓಡಿಸಿದ ದಾರಿ ತೋರಿಸುತ್ತೇನೆ. ಅಳತೆಯ ಟೇಪ್ ನಮ್ಮ ಶಾಪಿನಲ್ಲೇ ಇದೆ.

ಇಂತಿ,
ಉದ್ಯಮಬಾಗದ ಓದುಗರು,
ಬೆಳಗಾವಿ