ಧರಣಿಗೆ ಹೊರಟ ಮಗಳಿಗೆ

ಚಿ. ಸೌ. ಪುಟ್ಟಿಗೆ ನಿನ್ನ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ತಲುಪಿತು. ಆಶಾ ಕಾರ್ಯಕರ್ತೆಯರ ಧರಣಿಗೆ ಬೆಂಗಳೂರಿಗೆ ಹೋಗಬೇಕೋ ಬೇಡವೋ ಎಂದು ಕೇಳಿದ್ದೀಯ. ಹೋದರೆ ಕೆಲಸದಿಂದ ತೆಗೆಯುತ್ತಾರೆಂದು ಯಾರೋ ಹೆದರಿಸಿದ್ದಾರೆ, ನಿನ್ನ ಅತ್ತೆಯವರಿಗೂ ಮನಸ್ಸಿಲ್ಲ ಎಂದು ಬರೆದಿದ್ದೀಯ. ಇಪ್ಪತ್ತೆಂಟು ವರ್ಷ ಅಂಗನವಾಡಿ ನಡೆಸಿದವಳಾಗಿ ಹೇಳುತ್ತೇನೆ, ಹೋಗು ಮಗಳೇ.

ನಿನಗೆ ಕೊಡುವ ಹಣವನ್ನು ಗೌರವಧನ ಎಂದು ಏಕೆ ಕರೆಯುತ್ತಾರೆ ಎಂಬುದನ್ನು ಮೊದಲು ತಿಳಿದುಕೋ. ನೀವು ನೌಕರರಲ್ಲ, ಸ್ವಯಂಸೇವಕಿಯರು ಎಂಬುದು ಸರ್ಕಾರದ ಲೆಕ್ಕ. ಆದ್ದರಿಂದಲೇ ನಡುರಾತ್ರಿ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ದರೂ, ಮನೆಮನೆ ಸಮೀಕ್ಷೆ ಮಾಡಿದರೂ, ಕನಿಷ್ಠ ವೇತನದ ಕಾನೂನು ನಿಮ್ಮ ಬಾಗಿಲಿಗೆ ಬರುವುದಿಲ್ಲ. ಇಂತಹ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ ಕೊಡಬೇಕೆಂದು 2013ರಲ್ಲೇ, ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. ನಮ್ಮ ಅಂಗನವಾಡಿಯವರಿಗೆ ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿನ, ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ನೀನು ಕೇಳಲು ಹೊರಟಿರುವುದು ಯಾರ ಕೃಪೆಯನ್ನೂ ಅಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡು.

2017ರ ಮಾರ್ಚ್‌ನಲ್ಲಿ ನಾವು ಅಂಗನವಾಡಿಯ ಸಾವಿರಾರು ಮಂದಿ ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ರಸ್ತೆಯಲ್ಲೇ ನಾಲ್ಕು ದಿನ ಕುಳಿತೆವು, ಅಲ್ಲೇ ಮಲಗಿದೆವು. ರಾತ್ರಿ ಎಷ್ಟು ಹೊತ್ತಾದರೂ ಟಾರಿನ ಬಿಸಿ ಆರುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಸಹಾಯಕಿಯೊಬ್ಬಳು ಹಸುಗೂಸನ್ನು ಬ್ಯಾನರಿನ ಬಟ್ಟೆಯ ಮೇಲೆ ಮಲಗಿಸಿ, ಅದು ಹೊರಳಿದರೆ ಎಚ್ಚರವಾಗಲೆಂದು ತನ್ನ ಸೆರಗಿನ ತುದಿಯನ್ನು ಅದರ ಕಾಲಿಗೆ ಸಡಿಲವಾಗಿ ಕಟ್ಟಿಕೊಂಡು ಕಣ್ಣು ಮುಚ್ಚಿದಳು. ಆ ಗಂಟು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಗೌರವಧನ ಹೆಚ್ಚಿದ್ದು ಅಲ್ಲಿ ಕುಳಿತದ್ದರಿಂದಲೇ.

ಆದರೆ ಅದೇ ದಿನಗಳ ಇನ್ನೊಂದು ಮುಖವನ್ನೂ ನಿನಗೆ ಹೇಳಬೇಕು. ಬಸ್ಸು ನಿಂತುಹೋಗಿ, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ನಡುವೆಯೇ ನಡೆದುಹೋದ ತಾಯಿಯೊಬ್ಬಳು ನಮ್ಮನ್ನು ಶಪಿಸಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಂಥವರ ಮಕ್ಕಳಿಗಾಗಿಯೇ ನಾವು ದುಡಿಯುವುದು. ಈಗ ಬೆಂಗಳೂರಿನಲ್ಲಿ ಧರಣಿ ಫ್ರೀಡಂ ಪಾರ್ಕಿನೊಳಗೇ ನಡೆಯಬೇಕೆಂಬ ನಿಯಮವಿದೆ. ನಮ್ಮ ದನಿಯನ್ನು ಗೋಡೆಯೊಳಗೆ ಕೂಡಿಹಾಕಿದಂತಾಯಿತು ಎಂಬ ಬೇಸರ ನನಗೂ ಇದೆ. ಹಾಗೆಂದು ಆ ನಿಯಮ ಮುರಿಯುವವರ ಜೊತೆ ನೀನು ಸೇರಬೇಡ. ಆ ಗೋಡೆಗಳಿಗೂ ಹೋರಾಟದ ನೆನಪಿದೆ: ಆ ಜಾಗ ಹಿಂದೆ ಸೆಂಟ್ರಲ್ ಜೈಲಾಗಿತ್ತು, ತುರ್ತುಪರಿಸ್ಥಿತಿಯಲ್ಲಿ ವಿರೋಧಪಕ್ಷದ ದೊಡ್ಡ ನಾಯಕರನ್ನು ಅಲ್ಲಿಯೇ ಬಂಧಿಸಿಟ್ಟಿದ್ದರು. ಯಾರಾದರೂ ಕೆಣಕಿದರೆ ಕುಳಿತಲ್ಲಿಂದ ಏಳಬೇಡ, ಮಹಿಳಾ ಪೊಲೀಸರೊಡನೆ ಮಾತು ಬೆಳೆಸಬೇಡ. ಅವರೂ ನಿನ್ನಂತೆಯೇ ಮನೆಯಲ್ಲಿ ಮಗುವನ್ನು ಬಿಟ್ಟು ಬಂದವರು.

ಹೊರಡುವ ಮೊದಲು ರಜೆಯ ಅರ್ಜಿಯನ್ನು ಬರೆದೇ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೋ. ನಾನು ಬಾಯಲ್ಲಿ ಹೇಳಿ ಹೋಗಿದ್ದೆ. ಹಿಂದಿರುಗಿದಾಗ ಹೇಳದೆ ಹೋದಳೆಂದು ಬರೆದು ಒಂದು ತಿಂಗಳ ಹಣ ತಡೆಹಿಡಿದರು, ತೋರಿಸಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ದಿನ ತುಂಬಿದ ಗರ್ಭಿಣಿಯರ ಮನೆಗೆ ನೀನೇ ಹೋಗಿ, ಏಕೆ ಹೋಗುತ್ತಿದ್ದೀಯ ಎಂಬುದನ್ನು ತಿಳಿಸಿ, ಆಸ್ಪತ್ರೆಯ ಸಿಸ್ಟರ್ ನಂಬರನ್ನೂ 108 ಅನ್ನೂ ಗೋಡೆಯ ಮೇಲೆ ಬರೆದು ಬಾ. ಮಾಡಿದ ಕೆಲಸಕ್ಕೆ ಪೋರ್ಟಲ್‌ನಲ್ಲಿ ಪ್ರೋತ್ಸಾಹಧನ ದಾಖಲಾಗದೆ ಹೋದದ್ದನ್ನೆಲ್ಲ ತಾರೀಖು ಸಮೇತ ಡೈರಿಯಲ್ಲಿ ಬರೆದುಕೊಂಡು ಜೊತೆಗೆ ಒಯ್ಯಿ. ವೇದಿಕೆಯ ಭಾಷಣಕ್ಕಿಂತ ಆ ಪುಟಗಳೇ ಅಧಿಕಾರಿಗಳ ಮುಂದೆ ಹೆಚ್ಚು ಮಾತನಾಡುತ್ತವೆ.

2025ರ ಜನವರಿಯಲ್ಲಿ ನಿಮ್ಮವರು ಅದೇ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಪಡೆದು ಎದ್ದರು. ಭರವಸೆ ಬೇರೆ, ಆದೇಶ ಬೇರೆ. ಈ ಸಲ ಯಾರಾದರೂ ಮಂತ್ರಿಗಳು ಬಂದು ಒಳ್ಳೆಯ ಮಾತಾಡಿದರೆ ಕೈಮುಗಿದು ಕೇಳಿಸಿಕೋ. ಆದರೆ ಆದೇಶದ ಸಂಖ್ಯೆ ಮತ್ತು ತಾರೀಖು ಯಾವಾಗ ಸಿಗುತ್ತದೆ ಎಂದು ನಿಮ್ಮ ಮುಖಂಡರು ಕೇಳದಿದ್ದರೆ ನೀನೇ ಎದ್ದು ಕೇಳು.

ಅತ್ತೆಯವರಿಗೆ ನಾನು ಬೇರೆಯೇ ಪತ್ರ ಬರೆಯುತ್ತಿದ್ದೇನೆ. ಸೋಮವಾರ ಸಂಜೆಯ ಬಸ್ಸಿಗೆ ನಿಮ್ಮೂರಿಗೆ ಬಂದು, ನೀನು ಹಿಂದಿರುಗುವವರೆಗೆ ಮಗುವಿನ ಜೊತೆ ಇರುತ್ತೇನೆ. ನನ್ನ ಹಳೆಯ ಜಮಖಾನೆಯನ್ನು ತರುತ್ತೇನೆ, ಅದನ್ನು ಒಯ್ಯಿ.

ಇಂತಿ ನಿನ್ನ ಚಿಕ್ಕಮ್ಮ