ವಾಲಗದವರ ಹೆಸರೂ ಬಾನುಲಿಯಲ್ಲಿ ಕೇಳಲಿ

ಮಾನ್ಯ ಸಂಪಾದಕರೇ,

ನಾನು ಅರಕಲಗೂಡಿನಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವನು. ಮದುವೆ ಮುಗಿದ ಮಾರನೇ ಬೆಳಿಗ್ಗೆ ಹಂಡೆ, ಕೊಳಗ, ಸೌಟುಗಳನ್ನೆಲ್ಲ ಹರಡಿಕೊಂಡು ತೊಳೆಸುವಾಗ ಕಿಟಕಿಯಲ್ಲಿ ರೇಡಿಯೊ ಹಾಡುತ್ತಿರಬೇಕು, ಇಲ್ಲದಿದ್ದರೆ ಹುಡುಗರ ಕೈ ಓಡುವುದಿಲ್ಲ. ಅವರಿಗೆ ಬೇಕಾದದ್ದು ಸಿನಿಮಾ ಹಾಡು. ಆದರೆ ರೇಡಿಯೊ ನನ್ನದಲ್ಲವೇ, ಶಾಸ್ತ್ರೀಯ ಸಂಗೀತದ ಹೊತ್ತಿನಲ್ಲಿ ಅದರ ಕಿವಿ ಹಿಂಡಲು ಬಿಡುವುದಿಲ್ಲ.

ಮೊನ್ನೆ ನಮ್ಮ ಜಿಲ್ಲೆಯ ಸಂಗೀತಗಾರರ ಕಾರ್ಯಕ್ರಮ ಬರುತ್ತಿತ್ತು. ಗಾಯಕ ಆರ್.ಕೆ. ಶ್ರೀಕಂಠನ್ ಅವರು ಹಾಡಿದ ಹಳೆಯ ಕಲ್ಯಾಣಿ ರಾಗ. 'ರುದ್ರಪಟ್ಟಣದವರು' ಎಂದದ್ದೇ ತಡ, ಕೊಳಗ ಉಜ್ಜುತ್ತಿದ್ದ ಹುಡುಗ ಕೈ ನಿಲ್ಲಿಸಿ, "ಅಣ್ಣ, ಹೋದ ತಿಂಗಳು ಚಪ್ಪರ ಹಾಕಿದ್ವಲ್ಲ, ಅದೇ ಊರಾ?" ಅಂದ. ಅದೇ ಕಣೋ, ಕಾವೇರಿ ದಂಡೆಯದು ಅಂದೆ. 1920ರಲ್ಲಿ ಅಲ್ಲಿ ಹುಟ್ಟಿದವರು, ದಶಕಗಳ ಕಾಲ ಆಕಾಶವಾಣಿಯಲ್ಲೇ ಕೆಲಸ ಮಾಡಿದವರು, 2011ರಲ್ಲಿ ಪದ್ಮಭೂಷಣ ಬಂತು, ತೊಂಬತ್ತು ದಾಟಿದ ಮೇಲೂ ಸಂಗೀತ ಕಚೇರಿ ಮಾಡುತ್ತಿದ್ದರು ಎಂದೆಲ್ಲ ಹೇಳಿದೆ. ರುದ್ರಪಟ್ಟಣ ಸಹೋದರರೆಂದು ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರ ಮಾತೂ ಬಂತು. ಅದೇ ಊರಿನ ಗಾಯಕ ಆರ್.ಕೆ. ಪದ್ಮನಾಭ ಅವರು ಅಲ್ಲಿ ಕಟ್ಟಿಸಿದ ತಂಬೂರಿ ಆಕಾರದ ಸಪ್ತಸ್ವರ ಮಂದಿರದ ಮುಂದೆ ಇವನು ಫೋಟೊ ಹೊಡೆಸಿಕೊಂಡಿದ್ದಾನೆ. "ಅದು ತಂಬೂರಿಯಾ? ನಾನು ವೀಣೆ ಅಂದ್ಕೊಂಡಿದ್ದೆ" ಅಂದ. ಆ ದಿನ ಕೊಳಗ ಸರಿಯಾಗಿ ಬೆಳಗಲಿಲ್ಲ, ನಾನೂ ಬೈಯಲಿಲ್ಲ. ಇಂಥ ಕಾರ್ಯಕ್ರಮ ಕೊಡುವವರಿಗೆ ನಮಸ್ಕಾರ.

ಆದರೆ ಜಿಲ್ಲೆಯ ಸಂಗೀತಗಾರರು ಎಂದಾಗ ನನ್ನ ಕಣ್ಣ ಮುಂದೆ ಬರುವವರು ಬೇರೆ. ಧಾರೆ ಮಂಟಪದ ಪಕ್ಕದಲ್ಲಿ ಎರಡು ಮಂಚದಷ್ಟು ಜಾಗ ಬಿಟ್ಟು ಜಮಖಾನೆ ಹಾಸುತ್ತೇವಲ್ಲ, ಅಲ್ಲಿ ಕೂರುವ ವಾಲಗದವರು. ಲಗ್ನಪತ್ರಿಕೆಯಲ್ಲಿ ದೂರದ ಭಾವಮೈದುನನ ಹೆಸರೂ ಇರುತ್ತದೆ, ಇವರದ್ದಿರುವುದಿಲ್ಲ.

ಕಳೆದ ವರ್ಷ ಒಂದು ಮದುವೆಯಲ್ಲಿ, ನಮ್ಮ ಹೋಬಳಿಯ ವಯಸ್ಸಾದ ನಾಗಸ್ವರದವರೊಬ್ಬರು ಮುಹೂರ್ತಕ್ಕೆ ಇನ್ನೂ ಹೊತ್ತಿದೆಯೆಂದು ತೋಡಿ ರಾಗ ಎತ್ತಿಕೊಂಡರು. ಡೋಲಿನವನು ಕೈ ಕಟ್ಟಿ ಕೂತು ಕೇಳುತ್ತಿದ್ದ. ಕುರ್ಚಿ ಜೋಡಿಸುತ್ತಿದ್ದ ನಾನೂ ನಿಂತೆ. ಒಂದೊಂದೇ ಮೆಟ್ಟಿಲು ಹತ್ತಿದಂತೆ ರಾಗ ಮೇಲೇರುತ್ತಿತ್ತು. ಅಷ್ಟರಲ್ಲಿ ಹುಡುಗನ ಕಡೆಯವರು ಯಾರೋ ಬಂದು, ಹಾಡಿನ ಸೆಟ್ಟು ಪರೀಕ್ಷೆ ಮಾಡಬೇಕು, ಸ್ವಲ್ಪ ನಿಲ್ಲಿಸಿ ಎಂದರು. ಅವರು ಪೀಪಿ ಒರೆಸಿ ಪಂಚೆಯ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗಿ, "ಮೇಲಿನ ಷಡ್ಜ ಇನ್ನೂ ಮುಟ್ಟಿರಲಿಲ್ಲ ಕಣಪ್ಪ" ಅಂದರು. ಆಮೇಲೆ ಅವರನ್ನು ಕೇಳಿದ್ದು ಗಟ್ಟಿಮೇಳಕ್ಕೆ ಮಾತ್ರ.

ಬೆಳಗಿನ ಮಂಗಳವಾದ್ಯವೆಂದು ನಾಗಸ್ವರ ಬಾನುಲಿಯಲ್ಲಿ ಬರುವುದುಂಟು, ಬಲ್ಲೆ. ನಾನು ಕೇಳುತ್ತಿರುವುದು ನಮ್ಮ ಸುತ್ತಲ ಹೋಬಳಿಗಳ ವಾಲಗದವರಿಗೆ ತಿಂಗಳಿಗೊಮ್ಮೆ ಅರ್ಧ ಗಂಟೆ. ಬಾನುಲಿಯಲ್ಲಿ ನುಡಿಸಲು ಧ್ವನಿಪರೀಕ್ಷೆಯಿದೆ. ಬಿ, ಬಿ-ಹೈ, ಎ, ಎ-ಟಾಪ್ ಎಂದು ದರ್ಜೆಗಳಿವೆ. ಅದು ಬೇಡವೆನ್ನುವುದಿಲ್ಲ. ಆದರೆ ಅರ್ಜಿ ತುಂಬಿಸಿಕೊಂಡು ಬಸ್ಸು ಹತ್ತಿ ಬರುವವರು ಇವರಲ್ಲಿ ಎಷ್ಟು ಮಂದಿ? ನಾಗಸ್ವರ ಬಯಲಿನ ವಾದ್ಯ. ನಾಲ್ಕು ಗೋಡೆಯ ಸ್ಟುಡಿಯೊಗಿಂತ ದೇವಸ್ಥಾನದ ಅಂಗಳ ಅದಕ್ಕೆ ಒಗ್ಗುತ್ತದೆ. ನಿಲಯದವರೇ ಒಂದು ಸಂಜೆ ಧ್ವನಿಮುದ್ರಣದ ಸಾಮಾನು ತಂದು, ಅವರು ರಾಗ ಮುಗಿಸುವವರೆಗೆ ಕಾಯಲಿ. ಆಮೇಲೆ ನುಡಿಸಿದವರು ಯಾರು, ಯಾರಲ್ಲಿ ಕಲಿತರು, ಡೋಲು ಯಾರದು, ಶ್ರುತಿ ಹಿಡಿದ ಹುಡುಗ ಯಾರ ಮಗ ಎಂದು ಹೇಳಲಿ. ರಾಗದ ಹೆಸರನ್ನು ಕೊನೆಯಲ್ಲಿ ಇನ್ನೊಮ್ಮೆ ಹೇಳಿದರೆ ಉಪಕಾರ. ಮೊದಲು ಹೇಳುವಾಗ ನಮ್ಮಲ್ಲಿ ನಲ್ಲಿ ಬಿಟ್ಟಿರುತ್ತೇವೆ, ಏನೂ ಕೇಳುವುದಿಲ್ಲ.

ಅಂಗಳದಲ್ಲಿ ಚಪ್ಪರ ಬೇಕಾದರೆ ನಾನು ಹಾಕಿಕೊಡುತ್ತೇನೆ. ಬಾಡಿಗೆ ಬೇಡ, ಟೆಂಪೊ ಖರ್ಚು ಕೊಟ್ಟರೆ ಸಾಕು.

— ಒಬ್ಬ ಕೇಳುಗ, ಅರಕಲಗೂಡು, ಹಾಸನ ಜಿಲ್ಲೆ